ಕಾರಿನ ಗೇರ್ ಆಯಿಲ್ ಮನೆಯಲ್ಲೇ ಬದಲಿಸ್ತೀರಾ? ಮೊದಲು ಮೇಲಿನ ಬೋಲ್ಟ್ ಬಿಚ್ಚಿ

ನವಿಲುತೀರ್ಥ: ಎಂಜಿನ್ ಆಯಿಲ್ ಬದಲಿಸೋದನ್ನ ಯಾರೂ ಮರೆಯೋದಿಲ್ಲ. ಆದರೆ ಗೇರ್ ಬಾಕ್ಸಿನೊಳಗೂ ಎಣ್ಣೆ ಇರುತ್ತದೆ, ಅದಕ್ಕೂ ವಯಸ್ಸಾಗುತ್ತದೆ ಅನ್ನೋದು ಗೇರ್ ಬೀಳದೆ ಕಿರ್ ಅಂದಾಗಲೇ ಮಂದಿಗೆ ನೆನಪಾಗೋದು. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆ ಹೊಡೆಯುವ ಗಾಡಿಗಳು, ಸಂತೆಗೆ ಸಾಮಾನು ಹೇರಿಕೊಂಡು ಓಡಾಡುವ ಅಂಗಡಿಕಾರರ ಓಮ್ನಿ, ಈಕೋಗಳಲ್ಲಿ ಈ ಎಣ್ಣೆಗೆ ಕೆಲಸ ಭಾಳ. ತುಂಬಿದ ಲೋಡು, ಏರು ದಾರಿ, ಫಸ್ಟ್ ಇಲ್ಲವೇ ಸೆಕೆಂಡ್ ಗೇರು. ಹಳೆ ಎಣ್ಣೆ ಅಲ್ಲೇ ಸೋಲುತ್ತದೆ.

ಕೈಯಿಂದ ಗೇರ್ ಹಾಕುವ ಗಾಡಿಯಾದರೆ ಈ ಕೆಲಸ ಮನೆ ಮುಂದೆಯೇ ಆಗುತ್ತದೆ. ಆಟೋಮ್ಯಾಟಿಕ್ ಗಾಡಿಯಾದರೆ ಕೈ ಹಚ್ಚಬ್ಯಾಡ್ರಿ. ಅವುಗಳಲ್ಲಿ ಬೇರೆ ಬೇರೆ ಜಾತಿಗಳಿವೆ, ಒಂದೊಂದಕ್ಕೂ ಬೇರೆ ಎಣ್ಣೆ. ಸಿವಿಟಿ ಗೇರ್ ಬಾಕ್ಸಿಗೆ ಸಾದಾ ಎಟಿಎಫ್ ಹಾಕಿದರೆ ಗೇರ್ ಬಾಕ್ಸೇ ಹೋಗಬಹುದು. ಎಟಿಎಫ್ ಮಟ್ಟವನ್ನು ಅದರ ಬಿಸಿ ಎಷ್ಟಿದೆ ಅಂತ ಅಳೆದು ನೋಡಬೇಕು, ಅದಕ್ಕೆ ಸ್ಕ್ಯಾನರ್ ಇದ್ದ ಗ್ಯಾರೇಜೇ ಸರಿ.

ಯಾವ ಎಣ್ಣೆ?

ಅಂಗಡಿಗೆ ಹೋಗಿ ಬರೀ 'ಗೇರ್ ಆಯಿಲ್ ಕೊಡ್ರಿ' ಅಂದರೆ ಕೈಗೆ ಸಿಕ್ಕಿದ್ದು ಕೊಟ್ಟಾರು. ಡಬ್ಬಿಯ ಮೇಲೆ ಎರಡು ಗುರುತು ನೋಡಬೇಕು. 75ಡಬ್ಲ್ಯೂ-80, 80ಡಬ್ಲ್ಯೂ-90 ಅಂತ ಇರೋದು ಎಣ್ಣೆ ಎಷ್ಟು ಗಟ್ಟಿ ಅನ್ನೋದಕ್ಕೆ. ಜಿಎಲ್-4, ಜಿಎಲ್-5 ಅನ್ನೋದು ಅದರೊಳಗಿನ ಮಸಾಲೆಗೆ. ನಂಬರ್ ದೊಡ್ಡದಿದ್ದರೆ ಮಾಲು ಚಲೋ ಅಂತ ತಿಳಿಯೋದೇ ಇಲ್ಲಿನ ದೊಡ್ಡ ತಪ್ಪು. ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಗೇರ್ ಬಾಕ್ಸಿನೊಳಗಿನ ಹಿತ್ತಾಳೆ ರಿಂಗುಗಳನ್ನು ಅದು ತಿನ್ನಬಹುದು, ಜಾರಿಕೆ ಜಾಸ್ತಿಯಾಗಿ ಗೇರ್ ಸರಿಯಾಗಿ ಕೂರದೆಯೂ ಇರಬಹುದು. ಓಮ್ನಿಯಂಥ ಹಿಂದಿನ ಗಾಲಿ ಎಳೆಯುವ ಗಾಡಿಗಳಲ್ಲಿ ಡಿಫರೆನ್ಷಿಯಲ್ ಬೇರೆ ಇರುತ್ತದೆ, ಅಲ್ಲಿಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಒಂದೇ ಡಬ್ಬಿ ತಂದು ಎರಡಕ್ಕೂ ಸುರಿಯೋದು ಬ್ಯಾಡ. ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಒಮ್ಮೆ ಅನ್ನೋದಕ್ಕೆ ಗಾಡಿ ಜೊತೆ ಬಂದ ಪುಸ್ತಕದ ಮಾತೇ ಕೊನೆ. ಸಣ್ಣ ಕಾರಿಗೆ ಎರಡು ಲೀಟರ್ ಆಸುಪಾಸು ಬೇಕಾಗುತ್ತದೆ.

ಕೆಲಸ ಹೀಗೆ

ಹತ್ತು-ಹದಿನೈದು ನಿಮಿಷ ಗಾಡಿ ಓಡಿಸಿ ಬಂದರೆ ಎಣ್ಣೆ ಬೆಚ್ಚಗಾಗಿ ತೆಳುವಾಗಿ ಇಳಿಯುತ್ತದೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿ ಕೆಳಗೆ ಯಾವ ಕಾರಣಕ್ಕೂ ಮಲಗಬಾರದು. ಇಟ್ಟಿಗೆ, ಕಲ್ಲು ಒಟ್ಟಿದರೂ ನಂಬುವಂತಿಲ್ಲ, ಗಟ್ಟಿ ಸ್ಟ್ಯಾಂಡೇ ಬೇಕು. ಮುಂದೆ ಮಾತ್ರ ಎತ್ತಿದರೆ ಎಣ್ಣೆ ಮಟ್ಟ ತಪ್ಪು ತೋರಿಸುತ್ತದೆ, ಹಿಂದೂ ಮುಂದೂ ಸಮ ಇರಬೇಕು. ವಾಟರ್ ಸರ್ವಿಸ್‌ನವರ ರ‍್ಯಾಂಪ್ ಒಂದು ತಾಸು ಸಿಕ್ಕರೆ ಇಷ್ಟೆಲ್ಲ ತಲೆಬಿಸಿ ಇಲ್ಲ.

ಗೇರ್ ಬಾಕ್ಸಿಗೆ ಎರಡು ಬೋಲ್ಟ್. ಕೆಳಗಿನದು ಇಳಿಸಲು, ಪಕ್ಕದಲ್ಲಿ ಮೇಲಿರೋದು ತುಂಬಲು. ಮೊದಲು ಮೇಲಿನದನ್ನೇ ಬಿಚ್ಚಬೇಕು. ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಕೂತಿದೆ, ಪಾನಾ ಜಾರಿ ಅದರ ತಲೆ ಸವೆಯಿತು ಅಂದ್ರೆ ಗಾಡಿ ಅಲ್ಲೇ ಠಿಕಾಣಿ. ಎಣ್ಣೆ ಇಲ್ಲದೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗುವಂತಿಲ್ಲ, ಮುನವಳ್ಳಿಯಿಂದಲೋ ಸವದತ್ತಿಯಿಂದಲೋ ಮೇಸ್ತ್ರಿಯೇ ಬರಬೇಕು. ಮೇಲಿನದು ಸಡಿಲಾದ ಮೇಲೆ ಕೆಳಗಿನದು.

ಕೆಳಗಿನ ಬೋಲ್ಟಿಗೆ ಎಷ್ಟೋ ಗಾಡಿಗಳಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದಿಯಂಥ ಕಬ್ಬಿಣದ ಪುಡಿ ಹತ್ತಿದ್ದರೆ ಚಿಂತೆ ಬ್ಯಾಡ, ಅದು ಸಹಜ ಸವೆತ. ಹಲ್ಲಿನ ತುಂಡು, ಚಕ್ಕೆ ಸಿಕ್ಕರೆ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಬಿಚ್ಚಿಸಲೇಬೇಕು. ಎಣ್ಣೆ ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಈ ಭಾಗದವರು ಇದನ್ನು ತಿಳಿದಿರಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಮುನವಳ್ಳಿ, ರಾಮದುರ್ಗಕ್ಕೆ ನೀರು ನುಗ್ಗಿತ್ತು. ಅಂಥ ನೀರಲ್ಲಿ ನಿಂತ ಗಾಡಿಯ ಗೇರ್ ಬಾಕ್ಸಿಗೆ ಉಸಿರಾಟದ ಸಣ್ಣ ಕಿಂಡಿಯಿಂದ ನೀರು ಇಳಿಯುತ್ತದೆ. ಗಾಡಿ ಸ್ಟಾರ್ಟ್ ಆಯ್ತು ಅಂತ ಹಾಗೇ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಹೊಸ ವಾಶರ್ ಹಾಕಿ ಕೆಳಗಿನ ಬೋಲ್ಟ್ ಬಿಗಿ ಮಾಡಿ, ಪೈಪಿನಿಂದಲೋ ಕೈಪಂಪಿನಿಂದಲೋ ನಿಧಾನಕ್ಕೆ ತುಂಬಬೇಕು. ಬಹಳಷ್ಟು ಗಾಡಿಗಳಲ್ಲಿ ಮೇಲಿನ ತೂತಿನ ಅಂಚಿಗೆ ಎಣ್ಣೆ ಬಂದು ತೊಟ್ಟಿಕ್ಕಿದರೆ ಮಟ್ಟ ಸರಿ. ಗಾಡಿ ಒಲೆದಿದ್ದರೆ ಈ ಲೆಕ್ಕ ತಪ್ಪುತ್ತದೆ. ಒಂದು ಸುತ್ತು ಹೊಡೆದು ಬಂದು, ಮರುದಿನ ಮುಂಜಾನೆ ಗಾಡಿ ಕೆಳಗೆ ಹನಿ ಬಿದ್ದಿದೆಯಾ ಅಂತ ನೋಡಿದರೆ ಸಾಕು.

ಹಳೆ ಎಣ್ಣೆ ಎಲ್ಲಿಗೆ?

ಗಟಾರಕ್ಕೆ ಸುರಿಯೋದು, ಇಲ್ಲವೇ ಹೊಲದ ಬದುವಿಗೆ ಚೆಲ್ಲೋದು ಈಗಿನ ರೂಢಿ. ನವಿಲುತೀರ್ಥದ ಡ್ಯಾಮ್ ಹಿಂದೆ ನಿಂತಿರೋ ರೇಣುಕಾಸಾಗರದ ನೀರನ್ನೇ ಹುಬ್ಬಳ್ಳಿ-ಧಾರವಾಡದವರೂ ಕುಡಿಯುತ್ತಾರೆ. ಹಿನ್ನೀರಿನ ಬದಿಯ ಊರುಗಳಲ್ಲಿ ಚೆಲ್ಲಿದ ಎಣ್ಣೆ ಮಳೆಗಾಲದಲ್ಲಿ ಹಳ್ಳ ಹಿಡಿದು ಇಳಿಯೋದು ಅಲ್ಲಿಗೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಹೊಸ ಎಣ್ಣೆ ತಂದ ಡಬ್ಬಿಯಲ್ಲೇ ಹಳೆಯದನ್ನು ತುಂಬಿ ಮುಚ್ಚಳ ಹಾಕಿದರೆ, ಹಳೆ ಆಯಿಲ್ ಬ್ಯಾರಲ್ ಇಟ್ಟಿರುವ ಗ್ಯಾರೇಜಿಗೆ ಕೊಡಬಹುದು. ಅದಕ್ಕೆ ಪೆಟ್ರೋಲ್, ಕೂಲಂಟ್, ನೀರು ಬೆರೆಸಬಾರದು. ಬೆರೆತರೆ ಅದು ಮರುಬಳಕೆಗೆ ಬರೋದು ಕಷ್ಟ, ತಗೊಳ್ಳೋರೂ ಬ್ಯಾಡ ಅಂತಾರೆ.