ಮಾತು ತಡವಾದ ಮಗುವಿಗೆ ತಾಯಿಯೇ ಮೇಷ್ಟ್ರು

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಆಂಧ್ರದ ಗಡಿಯ ಹೋಬಳಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಜ್ಜಿ ಮುದ್ದಿಸುವುದು ತೆಲುಗಿನಲ್ಲಿ, ಅಂಗನವಾಡಿಯ ಹಾಡು ಕನ್ನಡದಲ್ಲಿ. ಮಗುವಿಗೆ ಎರಡೂವರೆ ವರ್ಷವಾದರೂ ಮಾತು ಬರದಿದ್ದರೆ ದೂರು ಬೀಳುವುದು ಈ ಎರಡು ಭಾಷೆಗಳ ಮೇಲೆ. ಇಲ್ಲವೇ ‘ಇವನಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನ, ನಾಲಿಗೆಗೆ ತೇಯ್ದ ಬಜೆ. ಎರಡು ಭಾಷೆ ಕೇಳಿ ಬೆಳೆದರೆ ಮಾತಿನ ತೊಂದರೆ ಬರುವುದಿಲ್ಲ. ತೊಂದರೆಯಿದ್ದೂ ಕಾಯುತ್ತಾ ಕೂತರೆ ಕಲಿಯುವ ಕಾಲ ಕೈಬಿಟ್ಟು ಹೋಗುತ್ತದೆ.

ಇಂಥ ಮಗುವನ್ನು ತೋರಿಸಬಹುದಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯದ್ದು. ಊರಿನವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. ಮಾತು ತಡವೆಂದು ಬಂದ ಮಗುವಿಗೆ ಅಲ್ಲಿ ಕಿವಿಯ ಪರೀಕ್ಷೆ ತಪ್ಪುವುದಿಲ್ಲ. ಕೇಳಿಸದ ಮಾತನ್ನು ಮಗು ಆಡುವುದಾದರೂ ಹೇಗೆ? ಕಿವಿ ಸರಿಯಿದ್ದರೆ ಆಟಿಸಂ, ಬುದ್ಧಿ ಬೆಳವಣಿಗೆಯ ನಿಧಾನ, ಬರೀ ಭಾಷೆಯ ತೊಡಕು, ಹೀಗೆ ಕಾರಣ ಹುಡುಕುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಶಾಲಾಪೂರ್ವ ಕೇಂದ್ರ. ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂರುತ್ತಾಳೆ. ಕಲಿಸುವ ಬಗೆಯನ್ನು ಕಲಿತು ತಾನೇ ಕಲಿಸುತ್ತಾಳೆ. ತಜ್ಞರ ಮುಂದೆ ಮಗು ಇರುವುದು ವಾರಕ್ಕೆ ಕೆಲವು ತಾಸು, ತಾಯಿಯ ಮುಂದೆ ಇಡೀ ದಿನ. ಪಾಠಕ್ಕೆ ದುಬಾರಿ ಸಾಮಾನೂ ಬೇಡ. ಮಗು ‘ನೀರು’ ಎಂದರೆ ‘ನೀರು ಬೇಕಾ? ಲೋಟದಲ್ಲಿ ಕೊಡಲಾ?’ ಎಂದು ಮಾತನ್ನು ಒಂದು ಹೆಜ್ಜೆ ಬೆಳೆಸುವುದು. ಕಡಲೆಕಾಯಿ ಸುಲಿಯುವಾಗ ಕಾಯಿ, ಸಿಪ್ಪೆ, ಬೀಜ ಎಂದು ಹೆಸರಿಸುತ್ತಾ, ‘ಬೀಜ ಬಟ್ಟಲಿಗೆ ಹಾಕು’, ‘ಬಟ್ಟಲಿಂದ ತೆಗೆ’ ಎಂದು ಆಡಿಸುವುದು. ಕೇಳಿದ ಮೇಲೆ ಸುಮ್ಮನಿದ್ದು ಮಗುವಿನ ಉತ್ತರಕ್ಕೆ ಕಾಯುವುದು. ಇದೇ ಕಷ್ಟ, ನಾವು ದೊಡ್ಡವರು ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ‘ಹೇಳು, ಹೇಳು’ ಎಂದು ಪೀಡಿಸಿದರಂತೂ ಮಗು ಬಾಯಿ ಮುಚ್ಚುತ್ತದೆ.

ಮನೆಭಾಷೆ ತೆಲುಗಾದರೆ ಪಾಠವೂ ತೆಲುಗಿನಲ್ಲೇ ಆಗಲಿ. ಅಮ್ಮನಿಗೆ ಒಲಿದ ಭಾಷೆಗಿಂತ ಒಳ್ಳೆಯ ಪಠ್ಯವಿಲ್ಲ.

ಗಡಿಹಳ್ಳಿಯಿಂದ ಮೈಸೂರು ದೂರ, ನಿಜ. ಆದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆಯ ವಿಳಂಬವೂ ಅವರ ಪಟ್ಟಿಯಲ್ಲಿದೆ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳ ಜೋಡಣೆ ಬರಬೇಕು. ಬಾರದಿದ್ದರೆ ಮುಂದಿನ ಹಬ್ಬದವರೆಗೆ ನೋಡೋಣ ಎನ್ನಬೇಡಿ. ಈ ವಾರವೇ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಮಗುವಿನ ಕಿವಿ ಪರೀಕ್ಷೆ ಮಾಡಿಸಿ.