ಯುದ್ಧದ ಸುದ್ದಿ, ಎಣ್ಣೆ ಡಬ್ಬ, ಚಿನ್ನದ ದರ



ಎಲ್ಲಾದರೂ ಯುದ್ಧದ ಸುದ್ದಿ ಬಂತೆಂದರೆ ಸಾಕು, ನಮ್ಮ ಫೋನ್-ಇನ್ ಕಾರ್ಯಕ್ರಮದ ವಿಷಯ ಏನೇ ಇರಲಿ, ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಮೇಡಂ, ಈಗ್ಲೇ ಚಿನ್ನ ತಗೊಂಡ್ಬಿಡೋದು ಒಳ್ಳೇದಲ್ವಾ?" ನಾನು ಓದಿದ್ದು ಕನ್ನಡ ಬಿ.ಎ. ಆದರೂ ಉತ್ತರ ಹುಡುಕಲು 2022ರ ದರಗಳನ್ನೆಲ್ಲ ಕೂತು ನೋಡಿದೆ.

ಆ ವರ್ಷ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ನಮ್ಮ ದೇಶ ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದುದು ಈ ಎರಡು ದೇಶಗಳಿಂದಲೇ. ಉಕ್ರೇನಿನ ಬಂದರುಗಳು ಮುಚ್ಚಿದವು. ಸರಿ, ತಾಳೆ ಎಣ್ಣೆ ಇದೆಯಲ್ಲ ಅನ್ನುವಷ್ಟರಲ್ಲಿ ಏಪ್ರಿಲ್ 28ರಿಂದ ಇಂಡೋನೇಷ್ಯಾ ಅದರ ರಫ್ತನ್ನೇ ನಿಲ್ಲಿಸಿತು. ಮತ್ತೆ ಬಿಟ್ಟದ್ದು ಮೇ 23ಕ್ಕೆ. ಕಚ್ಚಾ ತೈಲವಂತೂ ಮಾರ್ಚ್ 7ರಂದೇ ಬ್ಯಾರೆಲ್ಲಿಗೆ 130 ಡಾಲರ್ ದಾಟಿತ್ತು. ಡೀಸೆಲ್ ಏರಿದರೆ ಲಾರಿ ಬಾಡಿಗೆ, ಅದರ ಹಿಂದೆಯೇ ತರಕಾರಿ. ಏಪ್ರಿಲ್ ತಿಂಗಳ ಚಿಲ್ಲರೆ ಹಣದುಬ್ಬರ ಶೇ. 7.79 ಆಯಿತು. ಇನ್ನೂ ಏರೀತೆಂದು ಹೆದರಿ ನಾನೂ ಎರಡು ಡಬ್ಬ ಎಣ್ಣೆ ತಂದಿಟ್ಟೆ. ಎರಡನೆಯದನ್ನು ತೆರೆಯುವ ಹೊತ್ತಿಗೆ ಅಂಗಡಿಯಲ್ಲಿ ದರ ಇಳಿದಿತ್ತು!

ಚಿನ್ನದ ಕಥೆಯೂ ಹೆಚ್ಚುಕಡಿಮೆ ಹೀಗೇ. ಮಾರ್ಚ್ 8ರಂದು ಅಂತರರಾಷ್ಟ್ರೀಯ ಚಿನಿವಾರ ಪೇಟೆಯಲ್ಲಿ ಔನ್ಸಿಗೆ 2,050 ಡಾಲರ್ ದಾಟಿದ ಚಿನ್ನ, ನವೆಂಬರ್ ಆರಂಭದಲ್ಲಿ 1,650ಕ್ಕಿಂತ ಕೆಳಗೆ ಬಂದಿತ್ತು. ಯುದ್ಧವೇನೂ ನಿಂತಿರಲಿಲ್ಲ. ಹಾಗಾದರೆ ಇಳಿದದ್ದೇಕೆ? ಹಣದುಬ್ಬರವನ್ನು ತಗ್ಗಿಸಲು ಅಮೆರಿಕದ ಕೇಂದ್ರೀಯ ಬ್ಯಾಂಕು ಬಡ್ಡಿ ದರವನ್ನು ಮೇಲಿಂದ ಮೇಲೆ ಏರಿಸಿತು. ಮಾರ್ಚ್ ಮಧ್ಯದವರೆಗೆ ಸೊನ್ನೆಯ ಹತ್ತಿರವಿದ್ದ ದರ ಡಿಸೆಂಬರಿಗೆ ಶೇ. 4ನ್ನೂ ಮೀರಿತ್ತು. ಚಿನ್ನ ಬಡ್ಡಿ ಕೊಡುವುದಿಲ್ಲ, ಡಾಲರ್ ಬಾಂಡು ಕೊಡುತ್ತದೆ. ದುಡ್ಡು ಆ ಕಡೆ ಹರಿಯಿತು. ನಮ್ಮಲ್ಲಿ ಈ ಇಳಿತ ಅಷ್ಟು ತಟ್ಟಲಿಲ್ಲ. ಕಾರಣ ಸಂತೋಷದ್ದಲ್ಲ: ಡಾಲರಿಗೆ 75ರ ಆಸುಪಾಸಿನಲ್ಲಿದ್ದ ರೂಪಾಯಿ ಅಕ್ಟೋಬರಿನಲ್ಲಿ 83ಕ್ಕೆ ಕುಸಿದಿತ್ತು.

ಮಾರದೆ ಇಟ್ಟುಕೊಂಡವರು ಕೆಟ್ಟರೆ? ಇಲ್ಲ. 2025ರ ಅಕ್ಟೋಬರಿನಲ್ಲಿ ಅದೇ ಚಿನ್ನ 4,000 ಡಾಲರ್ ದಾಟಿತು. ಆದರೆ ಆರೇ ತಿಂಗಳಲ್ಲಿ ಮಗಳ ಮದುವೆಗೋ ಫೀಸಿಗೋ ಬೇಕಾದ ಹಣವನ್ನು ಸುದ್ದಿಯ ಬಿಸಿಯಲ್ಲಿ ಒಮ್ಮೆಗೇ ಹಾಕಿದವರ ಪಾಡು ಬೇರೆ. ಸುದ್ದಿ ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಆ ಭಯ ದರದೊಳಗೆ ಸೇರಿಹೋಗಿರುತ್ತದೆ. ಹಾಗಾಗಿ ಬೇಗ ಬೇಕಾದ ಹಣ ಬ್ಯಾಂಕಿನ ಠೇವಣಿಯಲ್ಲೇ ಇರಲಿ, ಚಿನ್ನವನ್ನು ತಿಂಗಳಿಗಿಷ್ಟು ಎಂದು ಕೊಳ್ಳಿ ಎನ್ನುವುದು ನನ್ನ ಉತ್ತರ.

ಫೋನಿನಲ್ಲಿ ಆಗಾಗ ಬರುವ ಇನ್ನೊಂದು ಪ್ರಶ್ನೆ ವಾಯಿದಾ ವ್ಯಾಪಾರದ್ದು. ಸ್ವಲ್ಪ ಮುಂಗಡ ಕಟ್ಟಿ ದೊಡ್ಡ ಮೊತ್ತದ ಸರಕು ಹಿಡಿಯುವ ವ್ಯವಹಾರ ಅದು. ಇದಕ್ಕೆ ಮಾತ್ರ ಬೇಡವೆಂದೇ ಹೇಳುತ್ತೇನೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ದರ ಸೊನ್ನೆಗಿಂತ 37 ಡಾಲರಿನಷ್ಟು ಕೆಳಕ್ಕೆ ಇಳಿಯಿತು. ಮುಂಬಯಿಯ ಸರಕು ವಿನಿಮಯ ಕೇಂದ್ರದಲ್ಲೂ ಲೆಕ್ಕ ಚುಕ್ತಾ ಆದದ್ದು ಅದೇ ದರದ ಮೇಲೆ. ಕೊಂಡು ಹಿಡಿದಿದ್ದವರು ಹಾಕಿದ ಹಣ ಕಳೆದುಕೊಂಡದ್ದಷ್ಟೇ ಅಲ್ಲ, ಮೇಲೆ ಕೈಯಿಂದ ಕಟ್ಟಬೇಕಾಯಿತು.