‘ಬಸ್ ಬಂದೈತೆ’ ಅನ್ನುವ ಮಗುವಿಗೆ ಪ್ರೆಸೆಂಟ್ ಪರ್ಫೆಕ್ಟ್ ಗೊತ್ತು

ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವ ಯಾವ ಹುಡುಗನನ್ನಾದರೂ ಕೇಳಿ, ಮಾಗಡಿ ಬಸ್ಸು ಎಲ್ಲಪ್ಪಾ ಅಂತ. ‘ಬಂದೈತೆ ಸಾರ್, ಅಗಳಿ ಅಲ್ಲಿ ನಿಂತೈತೆ’ ಅನ್ನುತ್ತಾನೆ. ಬಸ್ಸು ತಪ್ಪಿಹೋಗಿದ್ದರೆ ‘ಆಗ್ಲೇ ಬಂತು, ಹೋಯ್ತು’ ಅನ್ನುತ್ತಾನೆ. ಬಂತು ಎಂದರೆ ಮುಗಿದ ಕತೆ. ಬಂದೈತೆ ಎಂದರೆ ಬಂದದ್ದು ಈಗಲೂ ಕಣ್ಣೆದುರಿಗಿದೆ, ಓಡಿದರೆ ಹತ್ತಬಹುದು. ಈ ವ್ಯತ್ಯಾಸವನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅವನು ಒಮ್ಮೆಯೂ ತಪ್ಪುವುದಿಲ್ಲ. ಅದೇ ಹುಡುಗ ತರಗತಿಯಲ್ಲಿ ಬೋರ್ಡಿನ ಮೇಲೆ ‘ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್’ ಎಂಬ ತಲೆಬರಹ ಕಂಡರೆ ಕಿಟಕಿಯಾಚೆ ನೋಡತೊಡಗುತ್ತಾನೆ.

ಆ ತಲೆಬರಹವನ್ನು ಅಳಿಸಿ, ಬದಲಿಗೆ ‘ಬಂದೈತೆ’ ಎಂದು ಬರೆಯಿರಿ. ಅದನ್ನು ಮಕ್ಕಳಿಂದಲೇ ಒಡೆಸಿ: ಬಂದ್, ಐತೆ. ‘ಬಂದವ್ನೆ’ ಒಡೆದರೆ ಬಂದ್, ಅವ್ನೆ. ಎರಡು ತುಂಡು ಇದೆಯಲ್ಲ, ಇಂಗ್ಲಿಷಿನಲ್ಲೂ ಎರಡೇ ತುಂಡು: ಹ್ಯಾಸ್, ಕಮ್. ಐತೆ, ಅವ್ನೆ, ಅವ್ಳೆ ಮೂರರ ಕೆಲಸವನ್ನೂ ಹ್ಯಾಸ್ ಒಂದೇ ಮಾಡುತ್ತದೆ ಎಂದರೆ ಮಕ್ಕಳಿಗೆ ‘ಅಯ್ಯೋ, ಇಷ್ಟೇನಾ’ ಅನ್ನಿಸುತ್ತದೆ. ಆಮೇಲೆ ಒಂದು ಗುಂಡಿ ತೋರಿಸಬೇಕು. ನಮ್ಮಲ್ಲಿ ‘ನಿನ್ನೆ ಬಂದವ್ನೆ’ ಸರಾಗವಾಗಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಿನ್ನೆ ಎಂದ ಮೇಲೆ ಹ್ಯಾಸ್ ಬರುವ ಹಾಗಿಲ್ಲ, ‘ಹಿ ಕೇಮ್ ಯೆಸ್ಟರ್‌ಡೇ’ ಎಂದೇ ಆಗಬೇಕು. ನಿಯಮವೆಂದು ಬಾಯಿಬಿಟ್ಟು ಹೇಳಬೇಕಾದದ್ದು ಇದೊಂದೇ.

‘ಎ’ ಮತ್ತು ‘ದ’ಗಳ ಗೋಳಿಗೂ ಮನೆಮಾತಿನಲ್ಲಿ ಒಂದು ಹಿಡಿ ಇದೆ. ‘ಅಪ್ಪ ಗೊಂಬೆ ತಂದ್ರು’ ಎಂದರೆ ಯಾವುದೋ ಒಂದು ಗೊಂಬೆ. ‘ಅಪ್ಪ ಆ ಗೊಂಬೇನ ತಂದ್ರು’ ಬೇಡ, ‘ಗೊಂಬೇನ ತಂದ್ರು’ ಎಂದರೂ ಸಾಕು, ಮೊದಲೇ ಮಾತಾಡಿಕೊಂಡಿದ್ದ ಗೊಂಬೆ ಎಂದು ಮಗುವಿಗೆ ತಿಳಿಯುತ್ತದೆ. ದ್ವಿತೀಯಾ ವಿಭಕ್ತಿಯ ‘ಅನ್ನು’ ಇಲ್ಲಿ ಹೆಚ್ಚುಕಡಿಮೆ ‘ದ’ ಮಾಡುವ ಕೆಲಸವನ್ನೇ ಮಾಡುತ್ತಿದೆ. ಇದು ಎಲ್ಲ ಕಡೆಗೂ ಹೊಂದುವುದಿಲ್ಲ. ಸೂರ್ಯನಿಗೆ ‘ದ’ ಏಕೆ, ಕನಕಪುರಕ್ಕೆ ಏಕಿಲ್ಲ ಎಂಬುದಕ್ಕೆ ‘ಅನ್ನು’ ಉತ್ತರ ಕೊಡದು. ಕದ ತೆರೆಯಲು ಮಾತ್ರ ಸಾಕು.

ನಮ್ಮ ಪಾಠಗಳು ತೀರಾ ಸೋಲುವುದು ಪ್ಯಾಸಿವ್ ವಾಯ್ಸಿನಲ್ಲಿ. ‘ರಾವಣನು ರಾಮನಿಂದ ಕೊಲ್ಲಲ್ಪಟ್ಟನು’ ಎಂದು ಎಷ್ಟು ತಲೆಮಾರು ಬರೆದಿದೆಯೋ! ರಾಮದೇವರ ಬೆಟ್ಟದ ಬುಡದಲ್ಲೇ ಹುಟ್ಟಿದವರೂ ಹಾಗೆ ಮಾತಾಡುವುದಿಲ್ಲ. ಕನ್ನಡಿಗರ ಬಾಯಲ್ಲಿ ‘ಅಲ್ಪಡು’ ಇಲ್ಲ, ಹಾಗಾಗಿ ಅದರ ಮೂಲಕ ಇಂಗ್ಲಿಷ್ ಕಲಿಸುವುದೆಂದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದರಿಂದ ವಿವರಿಸಿದಂತೆ.

ಬದಲಿಗೆ ರೇಷ್ಮೆಗೆ ಬನ್ನಿ. ಗೂಡಿನ ಮಾರುಕಟ್ಟೆಯಿರುವ ರಾಮನಗರದಲ್ಲಿ ನೂಲು ಬಿಚ್ಚುವವರ ಮನೆಯ ಮಕ್ಕಳು ತರಗತಿಗೆ ಒಬ್ಬರಾದರೂ ಸಿಗುತ್ತಾರೆ. ಗೂಡಿನಿಂದ ನೂಲು ಹೇಗಾಗುತ್ತದೆ ಹೇಳು ಎಂದರೆ ಬರುವ ಮಾತು ಹೀಗಿರುತ್ತದೆ: ‘ಮೊದ್ಲು ಗೂಡು ಆರಿಸ್ತಾರೆ. ಆಮೇಲೆ ಬೇಯಿಸ್ತಾರೆ. ಎಳೆ ಹಿಡಿದು ನೂಲು ಬಿಚ್ತಾರೆ.’ ಯಾರು ಆರಿಸುತ್ತಾರೆ, ಯಾರು ಬೇಯಿಸುತ್ತಾರೆ? ಹೆಸರಿಲ್ಲ, ಬೇಕಾಗಿಯೂ ಇಲ್ಲ. ಯಾರೆಂದು ಹೇಳದೆ ಕೆಲಸವನ್ನಷ್ಟೇ ಹೇಳಲು ಕನ್ನಡಕ್ಕೆ ಬಾಲದ ‘ಆರೆ’ ಸಾಕು. ಇಂಗ್ಲಿಷಿಗೆ ವಾಕ್ಯದ ಮೊದಲ ಕುರ್ಚಿ ಖಾಲಿ ಬಿಡುವುದು ಗೊತ್ತಿಲ್ಲ. ಮಾಡುವವನಿಲ್ಲದಿದ್ದರೆ ಅಲ್ಲಿ ಗೂಡನ್ನೇ ತಂದು ಕೂರಿಸುತ್ತದೆ: ‘ದ ಕಕೂನ್ಸ್ ಆರ್ ಸಾರ್ಟೆಡ್. ದ ಕಕೂನ್ಸ್ ಆರ್ ಬಾಯ್ಲ್ಡ್.’ ಈ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಕ್ರಮವಾಗಿ ಜೋಡಿಸಲು ಕೊಡಿ. ಮೇಷ್ಟ್ರು ಕ್ರಮ ತಪ್ಪಿಸಿದರೆ ಹುಡುಗಿಯೊಬ್ಬಳು ಎದ್ದು ತಿದ್ದುತ್ತಾಳೆ. ಆ ಗಳಿಗೆಯಲ್ಲಿ ಅವಳಿಗೆ ಗ್ರಾಮರ್ ನೆನಪೇ ಇರುವುದಿಲ್ಲ, ಗೂಡಿನ ಚಿಂತೆ.

ಗಮನವೆಲ್ಲ ಅರ್ಥದ ಮೇಲಿದ್ದಾಗಲೇ ವ್ಯಾಕರಣ ಒಳಗಿಳಿಯುತ್ತದೆ ಎಂಬ ಮಾತಿಗೆ ನಮ್ಮ ಪಕ್ಕದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. 1963ರಲ್ಲಿ ಬೆಂಗಳೂರಿನಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಈಗ ಜ್ಞಾನಭಾರತಿ ಆವರಣದಲ್ಲಿದೆ. ನಮ್ಮ ಎಷ್ಟೋ ಶಿಕ್ಷಕರು ತರಬೇತಿಗೆ ಹೋಗಿ ಬರುವ ಜಾಗ. ಎನ್.ಎಸ್. ಪ್ರಭು ಅವರ ‘ಬೆಂಗಳೂರು ಪ್ರಾಜೆಕ್ಟ್’ ನಡೆದದ್ದು ಈ ಸಂಸ್ಥೆಯ ಜೊತೆಗೂಡಿ, 1979ರಿಂದ 1984ರವರೆಗೆ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ. ಅಲ್ಲಿ ವ್ಯಾಕರಣ ಪಾಠವೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಮುಂದಿಟ್ಟು ಲೆಕ್ಕ ಬಿಡಿಸಬೇಕು, ಅಷ್ಟೇ. ಮೊದಲು ಒಂದು ಲೆಕ್ಕವನ್ನು ಶಿಕ್ಷಕರು ಇಡೀ ತರಗತಿಯ ಜೊತೆ ಬಾಯಲ್ಲೇ ಬಿಡಿಸುವರು, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಲೆಕ್ಕ ಎಷ್ಟು ಕಷ್ಟವಿರಬೇಕು ಎಂಬುದಕ್ಕೆ ಪ್ರಭು ಇಟ್ಟ ಅಳತೆ ನನಗೆ ಬಲು ಇಷ್ಟ: ಅರ್ಧ ತರಗತಿಗಾದರೂ ಅರ್ಧ ಲೆಕ್ಕವಾದರೂ ಸರಿಯಾಗಬೇಕು. 1987ರಲ್ಲಿ ಅವರು ಇದನ್ನೆಲ್ಲ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಎಂಬ ಪುಸ್ತಕವಾಗಿ ಬರೆದರು. ಇಂದು ಜಗತ್ತಿನಾದ್ಯಂತ ‘ಟಾಸ್ಕ್’ ಹೆಸರಿನಲ್ಲಿ ನಡೆಯುವ ಭಾಷಾ ಬೋಧನೆಯ ಚರ್ಚೆಯಲ್ಲಿ ಬೆಂಗಳೂರಿನ ಹೆಸರು ತಪ್ಪದೆ ಬರುತ್ತದೆ. ಇಲ್ಲಿನ ಶಿಕ್ಷಕರ ಕೋಣೆಗಳಲ್ಲಿ ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ.

ಅದನ್ನು ನಮ್ಮ ಊರಿಗೆ ಇಳಿಸುವುದು ಸುಲಭ. ರಾಮನಗರ, ಚನ್ನಪಟ್ಟಣ ಎರಡೂ ಬೆಂಗಳೂರು–ಮೈಸೂರು ರೈಲು ಮಾರ್ಗದ ಮೇಲಿವೆ. ಮಾಗಡಿ, ಕನಕಪುರ ಪಟ್ಟಣಗಳಿಗೆ ರೈಲಿಲ್ಲ, ಬಸ್ಸೇ ಗತಿ. ಮಕ್ಕಳೇ ನಿಲ್ದಾಣಕ್ಕೆ ಹೋಗಿ ವೇಳೆಗಳನ್ನು ಬರೆದುಕೊಂಡು ಬರಲಿ. ಈಗ ಲೆಕ್ಕ: ಮಾಗಡಿಯ ಅಜ್ಜಿಗೆ ಚನ್ನಪಟ್ಟಣದಲ್ಲಿ ಮೊಮ್ಮಗಳ ಮದುವೆ, ಹತ್ತು ಗಂಟೆಗೆ ಧಾರೆ. ಯಾವ ಬಸ್ಸು ಹತ್ತಬೇಕು, ರಾಮನಗರದಲ್ಲಿ ಇಳಿದು ರೈಲು ಹಿಡಿಯುವುದೋ ಬಸ್ಸಿಗೇ ಹೋಗುವುದೋ? ಬಸ್ಸಿನ ಪಟ್ಟಿ ಒಬ್ಬನ ಕೈಲಿ, ರೈಲಿನ ಪಟ್ಟಿ ಇನ್ನೊಬ್ಬಳ ಕೈಲಿ. ಒಬ್ಬರದು ಒಬ್ಬರು ನೋಡುವಂತಿಲ್ಲ, ಇಂಗ್ಲಿಷಿನಲ್ಲಿ ಕೇಳಿಯೇ ತಿಳಿಯಬೇಕು. (ಪ್ರಭು ಜೋಡಿ ಕೆಲಸಕ್ಕೆ ಅಷ್ಟು ಒಲಿದವರಲ್ಲ, ಮಕ್ಕಳು ಒಬ್ಬರ ತಪ್ಪು ಒಬ್ಬರು ಕಲಿಯುತ್ತಾರೆಂಬ ಅಂಜಿಕೆ. ಇಲ್ಲಿ ನಾನು ಅವರ ಮಾತು ಮೀರುತ್ತೇನೆ.) ‘ವೆನ್ ಡಸ್ ದ ಬಸ್ ಲೀವ್?’ ‘ಇಟ್ ಲೀವ್ಸ್ ಅಟ್ ಸೆವೆನ್.’ ಕಾಲು ಗಂಟೆಯಲ್ಲಿ ಈ ‘ಡಸ್’, ಈ ‘ಸ್’, ಈ ‘ಅಟ್’ ಮೂವತ್ತು ಸಲ ಬಾಯಿಗೆ ಬರುತ್ತವೆ. ಖಾಲಿ ಜಾಗ ತುಂಬಿಸಿ ಎಂದರೆ ಮೂರು ಸಲ ಬರೆಯುವುದೇ ಕಷ್ಟ.

‘ಡಸ್’ ಬಗ್ಗೆ ಇನ್ನೊಂದು ಮಾತು. ಕನ್ನಡದಲ್ಲಿ ‘ಬರ್ತೀಯಾ’ ಎಂದು ಕೊನೆಗೊಂದು ‘ಆ’ ಎಳೆದರೆ ಪ್ರಶ್ನೆಯಾಯಿತು. ‘ಯು ಕಮಿಂಗಾ?’ ಹುಟ್ಟುವುದು ಹಾಗೆ. ನಕ್ಕುಬಿಡಬೇಡಿ. ಆ ಕೊನೆಯ ‘ಆ’ವನ್ನು ಕಿತ್ತು ಇಂಗ್ಲಿಷಿನವರು ವಾಕ್ಯದ ತಲೆಗೆ ಕಟ್ಟುತ್ತಾರೆ, ‘ಕಮಿಂಗ್’ ಜೊತೆ ಅದರ ಹೆಸರು ಆರ್, ‘ಕಮ್’ ಜೊತೆ ಡೂ, ಡಸ್ ಎಂದರೆ ತಪ್ಪೇ ಪಾಠವಾಗುತ್ತದೆ.

ಪ್ರಭು ಅವರ ಪ್ರಯೋಗವನ್ನು ಹೊರಗಿನವರು ಅಳೆದದ್ದೂ ಉಂಟು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ಮಕ್ಕಳು ಮುಂದಿದ್ದರು, ಕಲಿತದ್ದನ್ನು ಬಳಸುವುದರಲ್ಲಿ ಪ್ರಭು ಅವರ ಮಕ್ಕಳು. ನಮ್ಮ ಪರೀಕ್ಷೆಗಳು ಹೆಚ್ಚಾಗಿ ಮೊದಲನೆಯದನ್ನೇ ಕೇಳುವುದರಿಂದ ನಿಯಮವನ್ನು ಪೂರ್ತಿ ಕೈಬಿಡಲಾಗದು. ಲೆಕ್ಕ ಮುಗಿದ ಮೇಲೆ, ಕೊನೆಯ ಐದು ನಿಮಿಷದಲ್ಲಿ ಹೇಳಿ. ಆಗ ಅದು ಮಕ್ಕಳು ಆಗಲೇ ಮಾಡಿದ್ದಕ್ಕೆ ಹೆಸರಿಡುವ ಕೆಲಸ.

ಇಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ಚನ್ನಪಟ್ಟಣದ ಗೊಂಬೆಗಳಿವೆ. ಬೇರೆ ಆಕಾರ, ಬೇರೆ ಬಣ್ಣ, ಬೇರೆ ಗಾತ್ರದ, ಅರಗು ಬಳಿದ ಏಳೆಂಟು ಮರದ ಗೊಂಬೆಗಳನ್ನು ಮೇಜಿನ ಮೇಲಿಡಿ. ಒಬ್ಬ ಬೆನ್ನು ತಿರುಗಿಸಿ ನಿಂತು ತನಗೆ ಬೇಕಾದದ್ದನ್ನು ಹೇಳಬೇಕು, ಇನ್ನೊಬ್ಬಳು ಎತ್ತಿಕೊಡಬೇಕು. ‘ದ ಸ್ಮಾಲ್ ರೌಂಡ್ ರೆಡ್ ವುಡನ್ ಟಾಯ್.’ ಗಾತ್ರ, ಆಕಾರ, ಬಣ್ಣ, ಯಾತರದ್ದು ಎಂಬ ಈ ಸಾಲನ್ನು ಇಂಗ್ಲಿಷ್ ಕಲಿಯುವ ಎಷ್ಟೋ ದೇಶದ ಮಕ್ಕಳು ಪಟ್ಟಿ ಇಟ್ಟುಕೊಂಡು ಉರುಹೊಡೆಯುತ್ತಾರೆ. ನಮ್ಮವರಿಗೆ ಅದರ ಗೊಡವೆಯಿಲ್ಲ. ‘ಚಿಕ್ಕ ದುಂಡನೆ ಕೆಂಪು ಮರದ ಗೊಂಬೆ’, ಪದ ಒಂದೊಂದಾಗಿ ಬದಲಿಸಿದರೆ ಸಾಲು ತಾನಾಗಿ ಸರಿ ಬರುತ್ತದೆ.